ಅವನು ಕೇಳಿದ್ದು, ನಾನು ಕಂಡದ್ದು

ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ನನಗೆ ‘ಪುಗ್ಗಾ ಒತ್ತಾಕಿ’ ಎಂದು ಹೆಸರು. ನಾನು ಬಾಡಿಗೆಯ ಆಂಬುಲೆನ್ಸಿನಲ್ಲಿ ಕೆಲಸ ಮಾಡುವವಳು. ಉಸಿರು ನಿಂತವರ ಮೂಗು, ಬಾಯಿ ಎರಡಕ್ಕೂ ಸೇರಿಸಿ ಒಂದು ಮಾಸ್ಕ್ ಒತ್ತಿ ಹಿಡಿದು, ಅದರ ತುದಿಗಿರುವ ರಬ್ಬರ್ ಚೀಲವನ್ನು ಹಿಚುಕುತ್ತ, ಅವರು ಎಳೆದುಕೊಳ್ಳಲಾರದ ಗಾಳಿಯನ್ನು ನಾನೇ ಒಳಗೆ ಕಳಿಸಬೇಕು. ಆ ಚೀಲಕ್ಕೆ ತರಬೇತಿಯಲ್ಲಿ ಉದ್ದನೆಯ ಹೆಸರು ಕಲಿಸಿದ್ದರು. ಜನ ಅದನ್ನು ಮಕ್ಕಳು ಊದುವ ಪುಗ್ಗಾ ಅಂದರು, ಮುಗಿಯಿತು. ಒತ್ತುವ ನನ್ನನ್ನೂ ಅದರ ಜೊತೆಗೇ ಕಟ್ಟಿಬಿಟ್ಟರು.

ಹುಟ್ಟಿದ್ದು ಬ್ಯಾಡಗಿಯಲ್ಲಿ. ನನ್ನವ್ವ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನಮ್ಮನ್ನು ಸಾಕಿದಳು. ಸಂಜೆ ಅವಳು ಸೀರೆ ಕೊಡವಿದರೆ ಮನೆಮಂದಿಯೆಲ್ಲ ಕೆಮ್ಮಬೇಕು. ನಾನು ಯಾರಿಗಾದರೂ ಎದುರು ಮಾತಾಡಿದಾಗಲೆಲ್ಲ ಅವಳು, “ಆ ಘಾಟೆಲ್ಲಾ ಹೋಗಿ ನಿನ್ನ ನಾಲಿಗಿ ಮ್ಯಾಲ ಕುಂತೈತಿ ನೋಡು” ಎನ್ನುತ್ತಿದ್ದಳು. ಸುಳ್ಳಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನನ್ನ ಕೆಲಸಕ್ಕೆ ಸಿಟ್ಟು ಆಗಿಬರುವುದಿಲ್ಲ. ಹಾವೇರಿಯಲ್ಲಿ ನಮಗೆ ಕಲಿಸಿದ ಮಾಸ್ತರು ಮೊದಲ ದಿನವೇ ನನ್ನ ಕೈ ನೋಡಿ ಬೈದಿದ್ದರು. “ಸಿಟ್ಟಿಲೆ ಒತ್ತಿದಿ ಅಂದ್ರ ಗಾಳಿ ಹೊಟ್ಟಿಗೆ ಹೋಗತೈತಿ. ಹೊಟ್ಟಿ ಉಬ್ಬಿ ವಾಂತಿ ಬರತೈತಿ, ವಾಂತಿ ಉಸಿರಿನ ದಾರ್ಯಾಗ ಇಳೀತೈತಿ. ಆಮ್ಯಾಲ ಅವನನ್ನ ಹಾವೂ ಕೊಂದಿಲ್ಲ, ಗಾಡೀನೂ ಕೊಂದಿಲ್ಲ. ನೀನ ಕೊಂದಿ.” ಅಂದಿನಿಂದ ನಾಲಿಗೆಗೆ ಸಿಟ್ಟು, ಕೈಗೆ ಸಮಾಧಾನ ಎಂದು ಪಾಲು ಮಾಡಿಕೊಂಡಿದ್ದೇನೆ.

ಹಾವಿನ ಮಾತು ಬಂದದ್ದರಿಂದ ಮೇಡ್ಲೇರಿಯವನ ಕಥೆಯನ್ನೇ ಹೇಳುತ್ತೇನೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಒಂದು ಮುಂಜಾನೆ ಹೊಳೆದಂಡೆಯ ಹೊಲವೊಂದರಿಂದ ಕರೆ ಬಂತು. ಬೀಜದ ಕಂಪನಿಗೆ ಟೊಮೆಟೊ ಬೀಜ ಬೆಳೆದುಕೊಡುವ ರೈತ, ಮೂವತ್ತು ದಾಟಿದ ಗಟ್ಟಿ ಆಳು. ಹೊಲದ ಶೆಡ್ಡಿನಲ್ಲಿ ಚಾಪೆ ಹಾಸಿ ಮಲಗಿದ್ದವನು ಹೊಟ್ಟೆನೋವೆಂದು ಎದ್ದಿದ್ದ. ಗ್ಯಾಸ್ ಆಗಿದೆ ಎಂದು ಮನೆಯವರು ಸೋಡಾ ಕುಡಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣುರೆಪ್ಪೆ ಎತ್ತಲು ಆಗಲಿಲ್ಲ, ಆಮೇಲೆ ಮಾತು ತೊದಲಿತು. ಹೆಂಡತಿ ಚಾಪೆ ಸುತ್ತುವಾಗ ಅಡಿಯಲ್ಲಿ ಕಪ್ಪು ಮೈಗೆ ಬಿಳಿ ಪಟ್ಟಿಗಳ ಹಾವು ಇತ್ತು. ಅದು ಕಚ್ಚಿದರೆ ನೋವೂ ಇಲ್ಲ, ಬಾವೂ ಇಲ್ಲ. ಮಲಗಿದವರು ಮಲಗಿಯೇ ಇರುತ್ತಾರೆ.

ನಾವು ಹೋದಾಗ ಅವನ ಗಂಟಲಲ್ಲಿ ಜೊಲ್ಲು ಗೊರಗೊರ ಎನ್ನುತ್ತಿತ್ತು, ನಾಲಿಗೆ ಹಿಂದಕ್ಕೆ ಬಿದ್ದಿತ್ತು. ತಲೆಗೆ ದಿಂಬು ಕೊಟ್ಟು ಕುತ್ತಿಗೆ ಮಡಚಿ ಇದ್ದಬದ್ದ ದಾರಿಯನ್ನೂ ಮುಚ್ಚಿದ್ದರು. ದಿಂಬು ಕಿತ್ತೆಸೆದೆ. ಪಕ್ಕಕ್ಕೆ ಹೊರಳಿಸಿ ಜೊಲ್ಲನ್ನು ನಳಿಗೆಯಿಂದ ಎಳೆದು ತೆಗೆದೆ. ಹೆಬ್ಬೆರಳು ತೋರುಬೆರಳಿನಿಂದ ಮಾಸ್ಕ್ ಒತ್ತಿ, ಉಳಿದ ಮೂರು ಬೆರಳಿನಿಂದ ದವಡೆಯ ಎಲುಬನ್ನು ಮೇಲಕ್ಕೆತ್ತಿ ಹಿಡಿದು, ಇನ್ನೊಂದು ಕೈಯಿಂದ ಪುಗ್ಗಾ ಒತ್ತಿದೆ. ಎದೆ ಎದ್ದಿತು. ಹಾಗೆ ಎದೆ ಏಳುವುದನ್ನು ನೋಡುವ ಸುಖ ನನಗೆ ಹಬ್ಬದ ಊಟದಲ್ಲೂ ಸಿಕ್ಕಿಲ್ಲ.

ರಾಣೆಬೆನ್ನೂರಿನಲ್ಲಿ ಡಾಕ್ಟರರು ಹಾವಿನ ವಿಷದ ಔಷಧಿ ಕೊಟ್ಟು, ಬಾಯಿಯಿಂದ ಶ್ವಾಸನಾಳಕ್ಕೆ ಪೈಪು ಇಳಿಸಿದರು. ಇನ್ನು ಮಾಸ್ಕ್ ಬೇಕಿಲ್ಲ, ಪುಗ್ಗಾವನ್ನು ಪೈಪಿಗೇ ಸಿಕ್ಕಿಸಿ ಒತ್ತುವುದು. ಅವನ ಅಣ್ಣನನ್ನೂ ಹೆಂಡತಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ಡಾಕ್ಟರರು ಬಿಡಿಸಿ ಹೇಳಿದರು. ಈ ವಿಷ ಮೈಯನ್ನು ಕಟ್ಟಿಹಾಕುತ್ತದೆ, ಬುದ್ಧಿಯನ್ನಲ್ಲ. ಅವನಿಗೆ ಎಲ್ಲ ಕೇಳುತ್ತಿದೆ, ಎಲ್ಲ ತಿಳಿಯುತ್ತಿದೆ, ಕಿರುಬೆರಳೂ ಅಲುಗದು ಅಷ್ಟೆ. ದಾವಣಗೆರೆಯಲ್ಲಿ ಕೆಲವು ದಿನ ಯಂತ್ರ ಅವನಿಗಾಗಿ ಉಸಿರಾಡಿದರೆ ಎದ್ದು ಕೂರುತ್ತಾನೆ. ಅಣ್ಣ ಕೋಲೆಬಸವನ ಹಾಗೆ ತಲೆಯಾಡಿಸಿದ. ಹೆಂಡತಿ ತಲೆಯಾಡಿಸಲಿಲ್ಲ, ಡಾಕ್ಟರರ ಬಾಯನ್ನೇ ನೋಡುತ್ತಿದ್ದಳು.

ಗಾಡಿಯಲ್ಲಿ ಮುಂದೆ ಡ್ರೈವರ್ ಕಾಕಾ ಮತ್ತು ಅಣ್ಣ, ಹಿಂದೆ ರೋಗಿ, ನಾನು, ಹೆಂಡತಿ. ನಾನು ರೋಗಿಯ ಜೊತೆ ಮಾತಾಡುತ್ತೇನೆ, ಅದು ನನ್ನ ರೂಢಿ. “ಅಣ್ಣಾ, ಹೆದರಬ್ಯಾಡ. ಗಾಳಿ ನಾ ಕೊಡತೀನಿ, ನೀ ತಗೊಂತಿರು” ಎನ್ನುತ್ತ ಒತ್ತುತ್ತಿದ್ದೆ. ಮುಂದೆ ಅಣ್ಣನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಊರಿನವರು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದುದು ಒಂದೇ. ಕಣ್ಣ ತಗದಾನೇನು? ಇಲ್ಲ. ಕೈ ಅಲಗತೈತೇನು? ಇಲ್ಲ. ತಾನ ಉಸಿರಾಡತಾನೇನು? ಇಲ್ಲ, ಪುಗ್ಗಾ ಒತ್ತಾಕತ್ತಾರ. ಹಾಗಾದರೆ ಏನು ಉಳಿದಿದೆ ಎಂದು ಊರು ತೀರ್ಮಾನ ಮಾಡಿತು. ಊರು ತೀರ್ಮಾನ ಮಾಡಿದ ಮೇಲೆ ಡಾಕ್ಟರರ ಓದು ಯಾವ ಲೆಕ್ಕಕ್ಕೆ?

ಹರಿಹರ ಇನ್ನೂ ದೂರವಿತ್ತು. ಅಣ್ಣ ಗಾಡಿ ತಿರುಗಿಸು ಎಂದ. ಅವರ ಮನೆತನದಲ್ಲಿ ಹೊರಗೆ ಸತ್ತವರನ್ನು ಹೊಸ್ತಿಲ ಒಳಗೆ ತರುವುದಿಲ್ಲ, ಬೀದಿಯಲ್ಲೇ ಪೂಜೆ ಮುಗಿಸಿ ಒಯ್ಯುತ್ತಾರೆ. ತಮ್ಮ ಹಾಗೆ ಬೀದಿ ಹೆಣ ಆಗಬಾರದು. ಪುಗ್ಗಾದಲ್ಲಿ ಉಸಿರು ಆಡುತ್ತಿರುವಾಗಲೇ ಒಳಗೆ ಒಯ್ದು ಮಲಗಿಸಿಬಿಟ್ಟರೆ, ಪೈಪು ತೆಗೆದ ಮೇಲೆ ಮನೆಯಲ್ಲೇ ಸತ್ತ ಹಾಗಾಗುತ್ತದೆ. ಇದನ್ನು ಹೇಳುವಾಗ ಅವನು ಗಳಗಳ ಅಳುತ್ತಿದ್ದ. ಅವನಿಗೆ ತಮ್ಮನ ಮೇಲೆ ಪ್ರೀತಿ ಇತ್ತು. ಪ್ರೀತಿಯಿಂದಲೇ ಕೊಲ್ಲಲು ಹೊರಟಿದ್ದ.

“ಕಾಕಾ, ಗಾಡಿ ತಿರುವಿದ್ರ ನಿನ್ನ ಚರ್ಮಾ ಸುಲೀತೀನಿ” ಎಂದು ಕೂಗಿದೆ.

“ಗಾಡಿ ಮಾಡಿದಾವ್ರು ಅವ್ರು, ತಂಗಿ. ನಾ ಏನ ಮಾಡ್ಲಿ?” ಎಂದ ಕಾಕಾ, ತಿರುಗಿಸಿಯೇಬಿಟ್ಟ.

ಒಂದು ಕೈಯಲ್ಲಿ ಪೈಪು ಜಾರದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಪುಗ್ಗಾ ಒತ್ತುವವಳು ಫೋನು ಎತ್ತುವುದು ಹೇಗೆ? ಡಾಕ್ಟರರಿಗೆ ಫೋನು ಹಚ್ಚು ಎಂದು ಹೆಂಡತಿಗೆ ಹೇಳಿದೆ. ಮುಂದಿನಿಂದ ಮೈದುನನೋ ಭಾವನೋ ಆದ ಗಂಡಸು ಗದರಿದರೆ ನಮ್ಮ ಕಡೆಯ ಹೆಣ್ಣಿನ ಕೈಯಲ್ಲಿ ಫೋನು ನಿಲ್ಲುವುದಿಲ್ಲ. ಅಣ್ಣ ಗದರಿದ, ಅವಳು ಕೆಳಗಿಟ್ಟಳು. ದಾರಿಯುದ್ದಕ್ಕೂ ನಾನು ಬೈದೆ. ಬೈಗುಳದಲ್ಲಿ ನನ್ನನ್ನು ಮೀರಿಸುವವರು ಬ್ಯಾಡಗಿ ಮಾರ್ಕೆಟ್ಟಿನಲ್ಲೂ ಇಲ್ಲ. ಬೋರ್ಗಲ್ಲ ಮೇಲೆ ನೀರು ಸುರಿದ ಹಾಗಾಯಿತು.

ಮನೆಯ ಮುಂದೆ ಊರೇ ನಿಂತಿತ್ತು. ಒಳಗೆ ಪಡಸಾಲೆಗೆ ಚಾಪೆ ಹಾಸಿ, ಹೆಣವನ್ನು ಗೋಡೆಗೆ ಆನಿಸಿ ಕೂರಿಸಲು ಹಲಗೆಯನ್ನೂ ತಂದಿಟ್ಟಿದ್ದರು. ಅವನ ತಾಯಿ ಬಾಗಿಲಲ್ಲಿ ಕುಸಿದು ಕುಳಿತಿದ್ದಳು, ನಾಲ್ಕು ಹೆಂಗಸರು ಹಿಡಿದುಕೊಂಡಿದ್ದರು. ಗಾಡಿಯ ಹಿಂಬಾಗಿಲು ತೆರೆದು ಹೆಂಡತಿಯನ್ನು ಕೆಳಗಿಳಿಸಿಕೊಂಡರು. ನಾನು ಒತ್ತುವುದನ್ನು ನಿಲ್ಲಿಸಲಿಲ್ಲ, ಸ್ಟ್ರೆಚರ್ ಎಳೆಯಲೂ ಬಿಡಲಿಲ್ಲ. “ಜೀವ ಐತಿ. ಇಳಿಸಿದ್ರ ಕೊಲೆ ಆಗತೈತಿ” ಎಂದೆ.

ಆಗ ಅಣ್ಣ ಒಳಗೆ ಹೋಗಿ ಒಣಮೆಣಸಿನಕಾಯಿ ತಂದ. ಹಾವು ಕಚ್ಚಿದವನಿಗೆ ಮೆಣಸಿನಕಾಯಿ ಅಗಿಯಲು ಕೊಟ್ಟು, ಖಾರ ಹತ್ತಿದರೆ ವಿಷ ಏರಿಲ್ಲ, ಹತ್ತದಿದ್ದರೆ ಏರಿದೆ ಎಂದು ಹೇಳುವುದು ಇಲ್ಲಿ ಹಳೆಯ ಪದ್ಧತಿ. ಬಾಯಲ್ಲಿ ಪೈಪಿದ್ದವನು ಅಗಿಯುವುದೆಲ್ಲಿಂದ? ಅದನ್ನು ಮುರಿದು, ಉಗುಳು ಹಚ್ಚಿ ತಿಕ್ಕಿ, ಗಾಡಿಯೊಳಗೆ ಬಗ್ಗಿ ತಮ್ಮನ ರೆಪ್ಪೆ ಬಿಡಿಸಿ ಕಣ್ಣಿಗೇ ಸವರಿದ. ನಮ್ಮೂರಿನ ಕಾಯಿಯಾದರೂ ಆಗಿದ್ದರೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ಅದು ಗುಂಟೂರು ಕಾಯಿ. ನನ್ನ ಕಣ್ಣೇ ಉರಿಯಿತು. ಮಲಗಿದವನು ಅಲುಗಲಿಲ್ಲ. ಅಲುಗುವ ಹಾಗಿದ್ದರೆ ನನ್ನ ಪುಗ್ಗಾ ಯಾಕೆ ಬೇಕಿತ್ತು?

“ನೋಡ್ರಿ, ಮುಗದೈತಿ” ಎಂದು ಅಣ್ಣ ಜನರ ಕಡೆ ತಿರುಗಿದ.

ಅವನು ತಿರುಗಿದಾಗ ಮಲಗಿದವನ ಕಣ್ಣಂಚಿನಿಂದ ನೀರಿಳಿಯಿತು. ನಾನು ಕೂಗಿ ತೋರಿಸಿದೆ. ಖಾರ ಬಿದ್ದರೆ ಹೆಣದ ಕಣ್ಣಲ್ಲೂ ನೀರು ಬರುತ್ತದೆ ಎಂದು ಗುಂಪಿನಲ್ಲಿ ಯಾರೋ ಅಂದರು. ಹೆಂಡತಿ ಮಾತ್ರ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಒಳಗೆ ಬಗ್ಗಿ, ಸೆರಗಿನಿಂದ ಆ ನೀರನ್ನು ಒರೆಸಿದಳು. ಒರೆಸಿದ ಮೇಲೆ ಇನ್ನೊಂದು ಹನಿ ಬಂತು. ಅದನ್ನೂ ಒರೆಸಿದಳು. ಆಮೇಲೆ ಅವಳ ಮುಖ ಬದಲಾದದ್ದನ್ನು ನಾನು ಕಂಡೆ.

“ಬಿಡು ತಂಗಿ, ಸಾಕು” ಎಂದು ಅಣ್ಣ ಗಾಡಿ ಹತ್ತಿ ನನ್ನ ಮುಂಗೈ ಹಿಡಿದ. ಗಳೆ ಹೊಡೆದು, ನೇಗಿಲು ಹಿಡಿದು ಬಲಿತ ಕೈ. ನನ್ನ ಬೆರಳು ಪುಗ್ಗಾದ ಮೇಲಿದ್ದರೂ ಮಡಚಲು ಆಗಲಿಲ್ಲ. ಮಲಗಿದವನ ಎದೆ ಎದ್ದದ್ದು ಇಳಿಯಿತು. ಮತ್ತೆ ಏಳಲಿಲ್ಲ. ನನಗೆ ಆಗ ಹೆದರಿಕೆಯಾಯಿತು, ಖರೇ ಹೇಳುತ್ತೇನೆ.

ಹೆಂಡತಿ ನನ್ನ ಕೈ ನೋಡಿದಳು. ಮುಂದೆ ಸ್ಟೇರಿಂಗ್ ಹಿಡಿದೇ ಕುಳಿತಿದ್ದ ಡ್ರೈವರ್ ಕಡೆ ನೋಡಿದಳು. ಕಾಕಾ ಇಂಜಿನ್ನು ಬಂದ್ ಮಾಡಿರಲಿಲ್ಲ. ಆಮೇಲೆ ಜನರ ಆಚೆಗಿದ್ದ ರಸ್ತೆಯನ್ನು ನೋಡಿದಳು. ಇಷ್ಟೇ. ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಊರೆಲ್ಲ ಕೇಳಿಸಿಕೊಳ್ಳುತ್ತಿತ್ತು. ಎರಡೂ ಕೈ ಜೋಡಿಸಿ ಎತ್ತಿ, ಗಾಡಿಯ ಕಬ್ಬಿಣದ ಮೆಟ್ಟಿಲಿಗೆ ಅಪ್ಪಳಿಸಿದಳು. ಕೈತುಂಬ ಹಸಿರು ಗಾಜಿನ ಬಳೆ, ಒಮ್ಮೆಗೇ ಒಡೆದವು. “ಹೋದೆಲ್ಲೋ ನನ್ನ ಧಣಿಯೇ” ಎಂದು ಹೊಟ್ಟೆ ಹರಿಯುವಂತೆ ಕೂಗಿದಳು.

ನಮ್ಮ ಕಡೆ ಹೆಂಡತಿಯ ಬಳೆ ಒಡೆಯಿತೆಂದರೆ ಸಾವು ಆಯಿತೆಂದೇ ಅರ್ಥ. ಮುಂದಿನ ಕೆಲಸ ಯಾರಿಗೂ ಹೇಳಿಕೊಡಬೇಕಿಲ್ಲ. ಗಂಡಸರು ಕುಣಿ ತೋಡಿಸಲು, ಅಯ್ಯನವರನ್ನು ಕರೆಯಲು ತಿರುಗಿದರು. ಹೆಂಗಸರು ಅವಳನ್ನು ಹಿಡಿಯಲು ಮುಗಿಬಿದ್ದರು. ಬಾಗಿಲಲ್ಲಿ ತಾಯಿ ಎಚ್ಚರ ತಪ್ಪಿ ಬಿದ್ದಳು. ಅಣ್ಣ ನನ್ನ ಕೈ ಬಿಟ್ಟು, ಅವ್ವಾ ಎನ್ನುತ್ತ ಗಾಡಿಯಿಂದ ಹಾರಿದ. ನಾನು ಪುಗ್ಗಾ ಒತ್ತಿದೆ. ಎದೆ ಎದ್ದಿತು. ಕೂದಲು ಬಿಚ್ಚಿ ಅಳುತ್ತಿದ್ದ ಹೆಂಡತಿ, ಹಿಡಿದ ಹೆಂಗಸರನ್ನೂ ಎಳೆದುಕೊಂಡು ಮುಂದೆ ಬಂದು, ರಕ್ತದ ಕೈಯಿಂದ ಹಿಂಬಾಗಿಲನ್ನು ಧಡ್ ಎಂದು ಹಾಕಿದಳು.

“ಹೊಡಿ ಕಾಕಾ!” ಎಂದೆ. ಈ ಸಲ ಕಾಕಾ ಗಾಡಿ ಮಾಡಿದವರು ಯಾರೆಂದು ಕೇಳಲಿಲ್ಲ.

ದಾವಣಗೆರೆ ಮುಟ್ಟುವವರೆಗೆ ನಾನು ಒಬ್ಬಳೇ ಒತ್ತಿದೆ. ಮುಂಗೈ ಬಾತುಕೊಂಡಿತ್ತು, ಕೈ ಮಾತ್ರ ಅವಸರ ಮಾಡಲಿಲ್ಲ. ಕಾಲಡಿಗೆ ಗಾಜಿನ ಚೂರು ಕರಕರ ಎನ್ನುತ್ತಿದ್ದವು. ಬಾಗಿಲ ಗಾಜಿನ ಹೊರಗೆ ಅವಳ ಅಂಗೈ ಗುರುತು ಇತ್ತು. “ಅಣ್ಣಾ, ಹೆದರಬ್ಯಾಡ” ಎಂದೆ. ಯಾರಿಗೆ ಹೇಳಿಕೊಂಡೆನೋ.

ಅವನು ಬದುಕಿದ. ಕೆಲವು ದಿನಗಳ ಮೇಲೆ ಮೊದಲು ರೆಪ್ಪೆ, ಆಮೇಲೆ ಬೆರಳು, ಆಮೇಲೆ ಎದೆ, ಎಲ್ಲ ಡಾಕ್ಟರರು ಹೇಳಿದ ಹಾಗೆಯೇ ಬಿಚ್ಚಿಕೊಂಡವು. ಸುದ್ದಿ ಕೇಳಿ ಕಾಕಾ ನನಗೆ ಮಿರ್ಚಿ ಮಂಡಕ್ಕಿ ಕೊಡಿಸಿದ. ಅಷ್ಟು ಖುಷಿ ನಾನು ಆ ವರ್ಷ ಬೇರೆ ಯಾವುದಕ್ಕೂ ಪಟ್ಟಿರಲಿಲ್ಲ. ಮನೆಯಲ್ಲಿ ಶಾಂತಿ ಮಾಡಿಸಿ, ಅವನ ಕೈಯಿಂದ ಅವಳಿಗೆ ಮತ್ತೆ ತಾಳಿ ಕಟ್ಟಿಸಿದರು ಎಂದೂ ಕೇಳಿದೆ. ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಎಲ್ಲರಿಗೂ ಬಾಯಿತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ರಾಣೆಬೆನ್ನೂರಿನಲ್ಲಿ ನಮ್ಮ ಗಾಡಿಗಳು ನಿಲ್ಲುವ ಜಾಗದ ಎದುರು ಚಹಾ ಕುಡಿಯುತ್ತ ಕಾಕಾನಿಗೆ ಏನಕ್ಕೋ ಬೈಯುತ್ತಿದ್ದೆ. ಬೈಕು ನಿಲ್ಲಿಸಿ ಒಬ್ಬ ಬಂದು ಎದುರಿಗೆ ನಿಂತ.

“ನಿಮ್ಮ ಧ್ವನಿ ಗುರ್ತಾತ್ರಿ, ಅಕ್ಕಾರ. ‘ಅಣ್ಣಾ, ಹೆದರಬ್ಯಾಡ’ ಅಂತಿದ್ರಿ.”

ಕಣ್ಣು ತೆರೆದಿದ್ದ ಅವನನ್ನು ನಾನು ಕಂಡದ್ದು ಅದೇ ಮೊದಲು. ಒಂದು ಕಣ್ಣು ಇನ್ನೂ ಕೆಂಪಗಿತ್ತು. ಕೂರು ಎಂದೆ, ಕೂರಲಿಲ್ಲ. ಉಪಕಾರ ಆಯಿತು ಎಂದೂ ಅನ್ನಲಿಲ್ಲ.

“ಒಂದ ಮಾತು ಖರೇ ಹೇಳ್ರಿ. ಬಳಿ ಒಡಿಯೂ ಮುಂದ ಅಕಿ ಕೈ ಯಾರರ ಹಿಡದಿದ್ರೇನು?”

“ಇಲ್ಲ. ತಾನ ಒಡಕೊಂಡ್ಳು. ಅದಕ್ಕ ನೀನು ಇವತ್ತು ನಿಂತು ಮಾತಾಡಾಕತ್ತಿ” ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅಣ್ಣ ನನ್ನ ಕೈ ಹಿಡಿದದ್ದು, ಅವಳು ನನ್ನ ಕೈ, ಡ್ರೈವರ್, ರಸ್ತೆ ನೋಡಿದ್ದು, ಜನ ಚದುರಲೆಂದೇ ಒಡೆದುಕೊಂಡದ್ದು, ಬಾಗಿಲು ಹಾಕಿ ನಮ್ಮನ್ನು ಕಳಿಸಿದ್ದು.

ಅವನು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡಿದ್ದ. “ನನಗ ಗೊತ್ತಿತ್ರಿ. ಹಿಡದು ಒಡದ್ರ ಒಂದೊಂದ ಒಡೀತಾವ. ನಾ ಕೇಳಿದ್ದು ಒಮ್ಮಿಗೇ. ನನ್ನ ಉಸಿರು ಇನ್ನೂ ಎದ್ಯಾಗ ಇತ್ತು, ಅಕಿಗೆ ಅವಸರಾ ಆಗಿತ್ತು. ಬಾಗಲಾ ಹಾಕಿದ್ದೂ ಕೇಳೇನಿ. ಹೆಣದ ಪೆಟಗಿ ಮುಚ್ಚಿದಂಗ ಮುಚ್ಚಿದ್ಳು.”

“ಅಕಿ ನೋಡಿದ್ದನ್ನ ನಾ ಕಂಡೇನಿ!”

“ಕಣ್ಣಿಲೆ ಹೇಳಿದ್ಳಂತ” ಎಂದು ನಕ್ಕ. “ಹೆಣ್ಣಮಕ್ಕಳು ಒಬ್ಬರನ್ನೊಬ್ಬರು ಬಿಟ್ಟ ಕೊಡಂಗಿಲ್ರಿ ನೀವು. ನನ್ನವರು ಅಂದ್ರ ನಮ್ಮವ್ವ ಒಬ್ಬಾಕೀನ. ಕಣ್ಣಿಗೆ ಖಾರ ಹಾಕಿದಾಗ ಬೆಂಕಿ ಬಿದ್ದಂಗಾತು, ಒದರಾಕ ಆಗಲಿಲ್ಲ. ಅವಾಗ ಸೆರಗಿಲೆ ಒರಸಿದಾಕಿ ನಮ್ಮವ್ವ.”

“ನಿಮ್ಮವ್ವ ಬಾಗಲಾ ಬಿಟ್ಟು ಎದ್ದಿದ್ದಿಲ್ಲೋ! ಒರಸಿದಾಕಿ ನಿನ್ನ ಹೇಣ್ತಿ!”

“ನಮ್ಮವ್ವ ಹೇಳ್ಯಾಳ್ರಿ, ತಾನ ಒರಸೇನಿ ಅಂತ.”

ನಾನು ಹಲುಬಿದೆ, ಕಾಕಾನನ್ನು ಸಾಕ್ಷಿ ಕರೆದೆ. ಕಾಕಾ ಹೌದು ಹೌದು ಎಂದ. ಆದರೆ ಕಾಕಾ ಮುಂದೆ ಕುಳಿತವನು, ಹಿಂದೆ ನಡೆದದ್ದನ್ನು ಕಂಡವನಲ್ಲ. “ನನ್ನ ಕಣ್ಣ ಮುಚ್ಚಿದ್ವು, ಕಿವಿ ಮುಚ್ಚಿದ್ದಿಲ್ಲರಿ” ಎಂದ ಅವಳ ಗಂಡ. ಅದೇ ಅವನ ಕೊನೆಯ ಮಾತು ಎಂದುಕೊಂಡೆ. ಇನ್ನೊಂದು ಇತ್ತು. ಬೈಕಿನ ಕಡೆ ಬೆರಳು ತೋರಿಸಿದ.

“ಈಗ ಮೊಳಕೈ ತನಕ ಬಳಿ ಇಡಿಸೇನಿ. ಎಲ್ಲಿ ಹೋಗತಾಳ, ಏನ ಮಾಡತಾಳ, ಮಗ್ಗಲ ಹೊಳ್ಳಿದ್ರೂ ನನಗ ಕೇಳಬೇಕು. ಒಂದ ಒಡೀತಂದ್ರ ಯಾಕ ಒಡೀತು ಅಂತ ಅಕಿ ಹೇಳಬೇಕು.”

ಬೈಕಿನ ಹತ್ತಿರ ಅವಳು ನಿಂತಿದ್ದಳು. ಮುಂಗೈಯಿಂದ ಮೊಳಕೈವರೆಗೆ ಸಂದಿಲ್ಲದಂತೆ ಹಸಿರು ಬಳೆ. ಎರಡೂ ಕೈಗಳನ್ನು ಮೈಯಿಂದ ದೂರ ಮಾಡಿ, ಹಸಿ ಗೋರಂಟಿ ಹಚ್ಚಿಕೊಂಡವಳ ಹಾಗೆ ಹಿಡಿದಿದ್ದಳು. ಒಂದೂ ಸಪ್ಪಳ ಮಾಡದಂತೆ ನಿಲ್ಲುವುದನ್ನು ಕಲಿತಿದ್ದಳು. ನಾನು ಅವಳ ಹತ್ತಿರ ಹೋದೆ. ಬಳೆಗಳ ಕೆಳಗೆ ಹಳೆಯ ಗಾಯದ ಗೀರು ಕಾಣುತ್ತಿದ್ದವು.

“ನೀ ಹೇಳಲಿಲ್ಲೇನು ಅವಗ?” ಎಂದೆ.

“ಹೇಳೇನ್ರಿ” ಎಂದಳು. “ಊರಾಗ ಎಲ್ಲಾರೂ ಕೇಳಿದ್ದು ಬಳಿ ಒಡದಿದ್ದು. ಗಂಡ ಇದ್ದಾಗ ಒಡಕೊಂಡಾಕಿ ಅಂತ ಯಾರೂ ಕುಂಕುಮಕ್ಕ ಕರಿಯಂಗಿಲ್ಲ. ಅವರು ಬದುಕ್ಯಾರಲ್ರಿ, ಸಾಕು.”

ಸಾಕು ಎಂದಳು. ನನಗೆ ಸಾಕಾಗಲಿಲ್ಲ. ಬಾತ ಕೈಯಲ್ಲಿ ದಾವಣಗೆರೆಯವರೆಗೆ ನಾನು ಒಳಗೆ ತುಂಬಿದ ಗಾಳಿಯಿಂದಲೇ ಅವನು ಈಗ ಇವಳನ್ನು ಗದರುತ್ತಾನೆ. ಉಳಿಸಬಾರದಿತ್ತು ಎಂದು ಅಂದುಕೊಳ್ಳಲಾರೆ, ಅದು ನನ್ನ ಕೆಲಸವಲ್ಲ.

ಅವನು ಬಂದು ಬೈಕು ಚಾಲೂ ಮಾಡಿದ. ಅವಳು ಹಿಂದೆ ಹತ್ತಿದಳು. ಹತ್ತುವಾಗ ಬಳೆಯೆಲ್ಲ ಒಮ್ಮೆಗೇ ಸದ್ದು ಮಾಡಿದವು, ಅವನು ಕತ್ತು ಓರೆ ಮಾಡಿ ಅದನ್ನು ಕೇಳಿಸಿಕೊಂಡ. ಅವನ ಬೆನ್ನು ಅವಳ ಕಡೆಗಿತ್ತು. ಆಗ ಅವಳು ನನ್ನ ಕೈ ನೋಡಿದಳು. ಗಾಡಿಯ ಹತ್ತಿರ ನಿಂತಿದ್ದ ಡ್ರೈವರ್ ಕಡೆ ನೋಡಿದಳು. ಆಮೇಲೆ ರಸ್ತೆಯನ್ನು ನೋಡಿದಳು.

ಅವತ್ತಿನ ಹಾಗೆಯೇ ನನಗೆ ಅರ್ಥವಾಯಿತು, ಈ ಸಲ ಒಯ್ಯಬೇಕಾದದ್ದು ಅವಳನ್ನು. ನನ್ನ ಕೈಯಲ್ಲಿ ಚಹಾದ ಲೋಟ ಇತ್ತು.